ಕಂಬಳಿಯ ನಟ್ಟನಡುವೆ ತೂತು

ಶಿಬಿರಾಗ್ನಿಯ ಸುತ್ತ ಹಾಡು ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಹಿರಿಯ ಸ್ಕೌಟರ್ ಒಬ್ಬರು ಹೊದ್ದ ಕಂಬಳಿಯ ಹೆಗಲಿನಿಂದ ಬ್ಯಾಡ್ಜೊಂದು ಉದುರುತ್ತದೆ. ಉದುರಿದ ಜಾಗದಲ್ಲಿ ಗೋಂದಿನ ಹಳದಿ ವೃತ್ತ. ಕೇಳಿದರೆ, "ಹೊಲಿಯೋಕೆ ಟೈಮೆಲ್ಲಿ ಸಾರ್, ಅಂಟಿಸಿಬಿಟ್ಟೆ." ಕಬ್, ಅಂದರೆ ಪುಟಾಣಿ ಸ್ಕೌಟ್, ಆಗಿದ್ದಾಗಿನಿಂದ ನಲವತ್ತು ವರ್ಷ ಬ್ಯಾಡ್ಜು ಕೂಡಿಡಲು ಪುರಸೊತ್ತಿದ್ದ ಮನುಷ್ಯನಿಗೆ ಸೂಜಿ ಹಿಡಿಯಲು ಇಪ್ಪತ್ತು ನಿಮಿಷ ಇಲ್ಲ!

ಬೆಂಗಳೂರಿನಲ್ಲಿ 1909ರಲ್ಲೇ ಸ್ಕೌಟಿಂಗ್ ಶುರುವಾದರೂ ಕೂಡಿಟ್ಟ ಬ್ಯಾಡ್ಜುಗಳನ್ನೆಲ್ಲ ಕಂಬಳಿಗೆ ಹೊಲಿದು ಶಿಬಿರಾಗ್ನಿಗೆ ಹೊದ್ದು ಬರುವ ಈ ಚಟ ಹೆಚ್ಚಾಗಿ ಇಂಗ್ಲೆಂಡ್, ಕೆನಡಾ ಕಡೆಯದು. ನಮ್ಮಲ್ಲಿ ಬಹುಪಾಲು ಬ್ಯಾಡ್ಜುಗಳು ಬಿಸ್ಕತ್ತಿನ ಡಬ್ಬಿಯಲ್ಲಿ ತುಕ್ಕಿನ ಜೊತೆ ಸಂಸಾರ ಮಾಡುತ್ತಿವೆ. ಅವನ್ನು ಕಂಬಳಿಗೆ ಏರಿಸುವಾಗ ಯಾವುದು ಎಲ್ಲಿ ಕೂರಬೇಕು ಎಂಬುದಕ್ಕೆ ಒಂದು ತತ್ತ್ವವೇ ಇದೆ. ಅದು ಆಮೇಲೆ. ಮೊದಲು ಹೊಲಿಗೆ.

7.5 ಸೆಂಟಿಮೀಟರ್ ಅಗಲದ ಗುಂಡು ಬ್ಯಾಡ್ಜಿಗೆ, 3 ಮಿಲಿಮೀಟರಿಗೊಂದರಂತೆ ಸುಮಾರು 80 ಹೊಲಿಗೆ ಬೇಕು. ಗುಂಡುಸೂಜಿ ಚುಚ್ಚಿಟ್ಟರೆ ಉಣ್ಣೆಯೊಳಗೆ ಮಾಯವಾಗಿ ರಾತ್ರಿ ಬೆನ್ನಿಗೆ ಸಿಗುತ್ತದೆ. ಕಚ್ಚಾ ಹೊಲಿಗೆ ಹಾಕಿ ನಿಲ್ಲಿಸಿಕೊಳ್ಳುವುದೇ ಕ್ಷೇಮ. ದಾರದ ಬಣ್ಣ ಬ್ಯಾಡ್ಜಿನ ಅಂಚಿನದು, ಕಂಬಳಿಯದಲ್ಲ. ಉದ್ದ ಒಂದು ಮೊಳ ಸಾಕು, ಮೀರಿದರೆ ಗಂಟು ಬೀಳುತ್ತದೆ. ಸೂಜಿ ದಪ್ಪ ಅಂಚಿನ ಬುಡದಲ್ಲಿ ಹೋಗಬೇಕು, ಆಗ ಹೊಲಿಗೆ ಕಾಣುವುದಿಲ್ಲ. ಇಸ್ತ್ರಿ ಮಾಡಿ ಅಂಟಿಸುವ ಬ್ಯಾಡ್ಜು ಉಣ್ಣೆಯ ನವಿರನ್ನಷ್ಟೇ ಹಿಡಿದುಕೊಳ್ಳುವುದರಿಂದ ನಾಲ್ಕು ಸಲ ಕೊಡವಿದರೆ ಆ ನವಿರಿನ ಸಮೇತ ಕಳಚುತ್ತದೆ. ಅದನ್ನೂ ಹೊಲಿಯಲೇಬೇಕು, ಸೂಜಿಗೆ ಮೆತ್ತಿದ ಅಂಟನ್ನು ಆಗಾಗ ಸ್ಪಿರಿಟ್ಟಿನಲ್ಲಿ ಒರೆಸುತ್ತಾ.

ಹೊಲಿಯುವುದು ಯಾವ ಕಂಬಳಿಯ ಮೇಲೆ? ಅಂಗಡಿಯ ಪಾಲಿಯೆಸ್ಟರ್ ಹೊದಿಕೆ ಬೇಡ. ಅದು ಸುಮಾರು 260 ಡಿಗ್ರಿಗೆ ಕರಗುತ್ತದೆ, ಒಂದು ಕಿಡಿ ಹಾರಿದರೆ ತೂತು. ಉಣ್ಣೆಯಾದರೆ ಕಮಟು ವಾಸನೆ ಬಿಟ್ಟು ಕರಿದಾಗಿ ಅಲ್ಲೇ ಆರುತ್ತದೆ. ಹಾಗಾಗಿ ನಮ್ಮ ಕರಿ ಕಂಬಳಿಯೇ ಆಗಬಹುದು. ಆದರೆ ಅದರ ಜಾತಕ ತಿಳಿದಿರಬೇಕು. ದಖ್ಖನಿ ಕುರಿಯ ಉಣ್ಣೆ ಒರಟು. ಗುಣಿಮಗ್ಗಕ್ಕೆ ಏರಿಸುವ ಮೊದಲು ಹಾಸಿನ (ಉದ್ದದ) ಎಳೆಗೆ ಹುಣಸೆ ಬೀಜದ ಸರಿ, ಅಂದರೆ ಗಂಜಿ, ಬಳಿಯುತ್ತಾರೆ. ಕಂಬಳಿ ಬಿರುಸಾಗಿ ನಿಲ್ಲುವುದು ಆ ಸರಿಯಿಂದ. ಕುರಿಗಾಹಿಗೆ ಅದೇ ಬೇಕು, ಮಳೆಯಲ್ಲಿ ಗೊಪ್ಪೆ ಹಾಕಿಕೊಂಡರೆ ಪುಟ್ಟ ಗುಡಿಸಲು. ಬ್ಯಾಡ್ಜಿಗೆ ಮಾತ್ರ ಅದೇ ಶನಿ. ಹೊಸ ಕಂಬಳಿಗೇ ಹೊಲಿದು ಆಮೇಲೆ ಒಗೆದರೆ ಸರಿ ಬಿಟ್ಟು ಉಣ್ಣೆ ಕುಗ್ಗುತ್ತದೆ. ಬ್ಯಾಡ್ಜಿನ ಪಾಲಿಯೆಸ್ಟರ್ ದಾರ ಕುಗ್ಗುವುದಿಲ್ಲ. ಬ್ಯಾಡ್ಜುಗಳೆಲ್ಲ ಹಪ್ಪಳದಂತೆ ಉಬ್ಬುತ್ತವೆ. ಆದ್ದರಿಂದ ಮೊದಲು ತಣ್ಣೀರಿನಲ್ಲಿ ಎರಡು ಸಲ ನೆನೆಸಿ, ಹಿಂಡದೆ, ನೆರಳಲ್ಲಿ ಹರವಿ ಒಣಗಿಸಬೇಕು. ನೆಂದ ಕಂಬಳಿ ಎತ್ತಲು ಇಬ್ಬರು ಬೇಕು, ಅದಕ್ಕೇ "ಕಂಬಳಿ ನೆನೆದಷ್ಟೂ ಭಾರ" ಎನ್ನುವುದು. ಸರಿ ಪೂರ್ತಿ ಹೋಗದಿದ್ದರೆ ಜಿರಳೆ ಬರುತ್ತದೆ, ಇಲಿಯೂ ಬರುತ್ತದೆ. ಅವಕ್ಕೆ ಹುಣಸೆ ಬೀಜ ಬೇಕು, ದಾರಿಯಲ್ಲಿ ಸಿಕ್ಕ ತೃತೀಯ ಸೋಪಾನವೆಂಬ ಸ್ಕೌಟ್ ದರ್ಜೆಯ ಬ್ಯಾಡ್ಜು ಉಪ್ಪಿನಕಾಯಿ.

ಇನ್ನು ತತ್ತ್ವ. ಇಸವಿವಾರು ಎನ್ನುವವರಿದ್ದಾರೆ, ಅರ್ಧ ಕಂಬಳಿ ತುಂಬಿದ ಮೇಲೆ ಪೆಟ್ಟಿಗೆಯ ತಳದಲ್ಲಿ ಇನ್ನೊಂದು ಹಳೆಯದು ಸಿಕ್ಕು ಅವರ ಬಾಯಿ ಮುಚ್ಚುತ್ತದೆ. ಯೋಗ್ಯತೆವಾರು ಎನ್ನುವವರಿಗೆ, 2022ರಲ್ಲಿ ಮೂಡುಬಿದಿರೆ ಜಾಂಬೂರಿಗೆ, ಅಂದರೆ ಸ್ಕೌಟುಗಳ ಮಹಾಮೇಳಕ್ಕೆ, ಹೋಗಿ ಬಂದದ್ದು ದೊಡ್ಡದೋ, ಅಡುಗೆ ಬ್ಯಾಡ್ಜಿಗಾಗಿ ಮೂರು ಸಲ ಅನ್ನ ಸೀಯಿಸಿ ಪಾಸಾದದ್ದೋ ತಿಳಿಯದು. ದುಡ್ಡು ಕೊಟ್ಟು ಕಟ್ಟುಗಟ್ಟಲೆ ಬ್ಯಾಡ್ಜು ತರಿಸಿಕೊಂಡವರ ಕಂಬಳಿಯ ಬಗ್ಗೆ ಮಾತೇ ಬೇಡ.

ಎಲ್ಲರೂ ಒಪ್ಪುವುದು ಒಂದೇ: ರಾಷ್ಟ್ರಪತಿ ಸ್ಕೌಟ್ ಬ್ಯಾಡ್ಜು ನಟ್ಟನಡುವೆ ಇರಬೇಕು. ಆದರೆ ಕಂಬಳಿಯನ್ನು ತಲೆಯಿಂದ ತೊಡುವುದಾದರೆ ನಟ್ಟನಡುವೆ ಇರುವುದು ಕತ್ತಿನ ತೂತು. ಅದರ ಕೆಳಗೆ ಹೊಲಿದರೆ ಗಡ್ಡ ಮುಚ್ಚುತ್ತದೆ, ಗಡ್ಡವಿಲ್ಲದವರಿಗೆ ಸ್ಕಾರ್ಫು. ಅಂದಹಾಗೆ ಆ ಸೀಳು 35 ಸೆಂಟಿಮೀಟರ್ ಇರಲಿ. ಮೊದಲು ಎರಡು ಸಾಲು ಒತ್ತೊತ್ತಾಗಿ ಹೊಲಿದು, ಆಮೇಲೆ ನಡುವೆ ಕತ್ತರಿ ಆಡಿಸಿ, ಅಂಚಿಗೆ ಪಟ್ಟಿ ಕೊಡಬೇಕು. ಕತ್ತರಿಸಿದ ಮೇಲೆ ಹೊಲಿಯಲು ಕೂತವರ ಕಂಬಳಿ ಎಳೆ ಬಿಚ್ಚಿಕೊಂಡು ಸೊಂಟದವರೆಗೂ ಬಂದೀತು.