ಎರಡು ಚಕ್ಕೋತ, ನಮ್ಮ ಮಾವ ಮತ್ತು ನಾಲ್ಕು ನೂರು ಮಿಲಿಗ್ರಾಂ

ಇವತ್ತು ಮಧ್ಯಾಹ್ನ ದಾವಣಗೆರೆಯಲ್ಲಿ, ಬ್ಲಡ್ ಕ್ಯಾನ್ಸರ್‌ಗೆ ಔಷಧಿ ತಗೊಳ್ತಿರೋ ಅಕ್ಕನ ಮನೆಯಲ್ಲಿ, ಎಪ್ಪತ್ತೆರಡು ವರ್ಷದ ಸೋದರಮಾವನ ಕೈಯಿಂದ ಚಕ್ಕೋತ ಕಿತ್ಕೊಂಡೆ. ಹಣ್ಣು ಅರ್ಧ ಸುಲಿದಾಗಿತ್ತು. ಸ್ಟೀಲ್ ತಟ್ಟೆಯಲ್ಲಿ ಕೆಂಪು ತೊಳೆಗಳು, ಪಕ್ಕದಲ್ಲಿ ಚಿಟಿಕೆ ಉಪ್ಪು-ಖಾರ. ದೇವನಹಳ್ಳಿಯಿಂದ ಎರಡು ಹಣ್ಣು ಚೀಲದಲ್ಲಿ ಹೊತ್ತು ರೈಲಲ್ಲಿ ಬಂದಿದ್ರು, "ರಕ್ತಕ್ಕೆ ಒಳ್ಳೇದವ್ವ" ಅಂತ. ಅಕ್ಕ ಬಾಯಿ ತೆರೆದೂ ಆಗಿತ್ತು.

ಹಣ್ಣು ಬಿಡಿ. ನನ್ನ ಮೈ ಉರಿದಿದ್ದು ಅವರು ಸುಲೀತಾ ಆಡಿದ ಮಾತಿಗೆ: "ಒಂದು ರೋಗಕ್ಕೆ ಎರಡೆರಡು ಔಷಧಿ ಯಾಕಂತೆ? ಒಂದು ಗುಣ ಮಾಡೋ ಹಂಗಿದ್ರೆ ಇನ್ನೊಂದು ಯಾಕೆ? ಎಲ್ಲಾ ದುಡ್ಡು ಹೊಡೆಯೋ ಆಟ."

ಈ ಮಾತನ್ನ ಮೂರು ತಿಂಗಳಲ್ಲಿ ಎಷ್ಟು ಬಾಯಲ್ಲಿ ಕೇಳಿದೀನೋ. ಓರಗಿತ್ತಿ, ಎದುರು ಮನೆಯವರು, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತ ಅಪರಿಚಿತರು. ಎಲ್ಲರಿಗೂ ಅದೇ ಅನುಮಾನ, ಎಲ್ಲರೂ ಅದನ್ನ ಅಕ್ಕನ ಎದುರಿಗೇ ಕೇಳ್ಬೇಕು.

ನಿಮಗೆಲ್ಲ ಅಕ್ಕನ ಕಥೆ ಗೊತ್ತೇ ಇದೆ. ಎಎಂಎಲ್, ಅಂದ್ರೆ ಬ್ಲಡ್ ಕ್ಯಾನ್ಸರ್‌ನಲ್ಲೇ ಸಿಕ್ಕಾಪಟ್ಟೆ ಅವಸರದ ಜಾತಿ. ಹೋದ ವರ್ಷ ಬೆಂಗಳೂರಲ್ಲಿ 'ಏಳು-ಮೂರು' ಅನ್ನೋ ಕೀಮೋ ಆಯ್ತು. ಏಳು ದಿನ ಸೈಟರಾಬಿನ್, ಅದರಲ್ಲಿ ಮೂರು ದಿನ ಡೌನೊರುಬಿಸಿನ್ ಕೂಡ. 1973ರಿಂದ ನಡೆದು ಬಂದಿರೋ ಪದ್ಧತಿ ಅದು. ಗಮನಿಸಿ ಮಾವ, ಅದೂ ಎರಡು ಔಷಧಿಯೇ, ಐವತ್ತು ವರ್ಷದ ಹಿಂದೆಯೇ. ಕಾಯಿಲೆ ಅಡಗಿತು, ಹನ್ನೊಂದು ತಿಂಗಳಿಗೆ ವಾಪಸ್ ಬಂತು. ಮತ್ತೆ ಅಂಥದ್ದೇ ಗಟ್ಟಿ ಕೀಮೋ ಕೊಡೋಕೆ ಅಕ್ಕನ ಹೃದಯ ಒಪ್ಪಲಿಲ್ಲ. ಎಫ್‌ಎಲ್‌ಟಿ3 ಅನ್ನೋ ಜೀನ್‌ನಲ್ಲಿ ದೋಷ ಇದ್ದಿದ್ರೆ ಗಿಲ್ಟೆರಿಟಿನಿಬ್ ಅಂತ ಬೇರೆ ಮಾತ್ರೆ ಇತ್ತು, ಅದೂ ಇಲ್ಲ. ಉಳಿದಿದ್ದು ವೆನೆಟೋಕ್ಲಾಕ್ಸ್ ಮಾತ್ರೆ, ಜೊತೆಗೆ ತಿಂಗಳಿಗೆ ಏಳು ದಿನ ಅಜಾಸಿಟಿಡಿನ್ ಇಂಜೆಕ್ಷನ್.

ಎರಡು ಯಾಕೆ? ಸಾಯಬೇಕಾದ ಕ್ಯಾನ್ಸರ್ ಕಣ ಸಾಯದೇ ಕೂರೋದು ಬಿಸಿಎಲ್-2 ಅನ್ನೋ ಪ್ರೋಟೀನಿನ ಬಲದಿಂದ. ವೆನೆಟೋಕ್ಲಾಕ್ಸ್ ಅದರ ಕೈ ಕಟ್ಟುತ್ತೆ. ಸರಿ, ಹಾಗಾದ್ರೆ ಅದೊಂದೇ ಸಾಕಲ್ವಾ? ಕೊಟ್ಟು ನೋಡಿದ್ದಾರೆ ಮಾವ! ರೋಗ ಮರುಕಳಿಸಿದವರು, ಮೊದಲ ಔಷಧಿಗೆ ಬಗ್ಗದವರು, ಹೀಗೆ ಹೆಚ್ಚೂಕಡಿಮೆ ಅಕ್ಕನಂಥವರೇ 32 ಜನ. ಅದೊಂದನ್ನೇ ಕೊಟ್ಟಾಗ ಕೆಲಸ ಮಾಡಿದ್ದು ನೂರಕ್ಕೆ 19ರಷ್ಟು ಜನರಲ್ಲಿ. 2016ರಲ್ಲಿ ಪ್ರಕಟವಾದ ಲೆಕ್ಕ. ಅಜಾಸಿಟಿಡಿನ್ ಒಂದೇ ಕೊಟ್ರೆ? 2020ರ ದೊಡ್ಡ ಅಧ್ಯಯನದಲ್ಲಿ ನೂರಕ್ಕೆ 28 ಜನರಲ್ಲಿ ಕಾಯಿಲೆ ಹಿಮ್ಮೆಟ್ಟಿತು. ಎರಡನ್ನೂ ಸೇರಿಸಿದಾಗ 66. ಇಪ್ಪತ್ತೆಂಟು ಎಲ್ಲಿ, ಅರವತ್ತಾರು ಎಲ್ಲಿ. ಇದಕ್ಕೆ ಗಣಿತದ ಟೀಚರೇ ಬೇಕಾ?

ಆ 2020ರ ಅಧ್ಯಯನದಲ್ಲಿ ಇದ್ದವರೆಲ್ಲ ಹೊಸದಾಗಿ ಕಾಯಿಲೆ ಬಂದವರು, ವಯಸ್ಸಾದವರು, ಗಟ್ಟಿ ಕೀಮೋ ತಡೆಯದವರು. ಮರುಕಳಿಸಿದವರಲ್ಲಿ ಇಷ್ಟು ಫಲ ಸಿಗಲ್ಲ, ಗೊತ್ತು, ಡಾಕ್ಟರೂ ಮುಚ್ಚಿಟ್ಟಿಲ್ಲ. ದುಡ್ಡಿನ ಮಾತೂ ಸುಳ್ಳಲ್ಲ. ಅಕ್ಕನ ಬಳೆಗಳು ಈಗ ಎಲ್ಲಿವೆ ಅಂತ ನನಗೂ ಭಾವನಿಗೂ ಗೊತ್ತು. ಆದರೆ ದುಬಾರಿ ಅನ್ನೋದು ಬೇರೆ ತಕರಾರು, ಮೋಸ ಅನ್ನೋದು ಬೇರೆ. ಎರಡನ್ನೂ ಕಲಸಿ ಕಾಯಿಲೆ ಮಲಗಿದವಳಿಗೆ ತುತ್ತು ಮಾಡಿ ತಿನ್ನಿಸಬೇಡಿ.

ಇನ್ನೊಂದು ತಮಾಷೆ ಕೇಳಿ. ಇದೇ ಮಾವನಿಗೆ ಹಿಂದೆ ಟಿಬಿ ಆಗಿತ್ತು. ಮೊದಲ ಎರಡು ತಿಂಗಳು ನಾಲ್ಕು ಥರ ಔಷಧಿ ನುಂಗಿದ್ರು. ಒಂದೇ ಕೊಟ್ರೆ ರೋಗಾಣು ಅದಕ್ಕೆ ಪಳಗಿಬಿಡುತ್ತೆ ಅಂತ. ಆಗ ಯಾವ ಆಟವೂ ಕಾಣಲಿಲ್ಲ.

ಈಗ ನನ್ನ ಮರ್ಯಾದೆ ನಾನೇ ತೆಗೀತೀನಿ. ಮೊದಲ ಸುತ್ತಿನ ನಡುವೆ ಅಕ್ಕನಿಗೆ ಜ್ವರ ಬಂತು, ಸಿಟಿ ಸ್ಕ್ಯಾನ್‌ನಲ್ಲಿ ಶ್ವಾಸಕೋಶದಲ್ಲಿ ಫಂಗಸ್ ಅಂದ್ರು. ವೊರಿಕೊನಜೋಲ್ ಅನ್ನೋ ಫಂಗಸ್ ಔಷಧಿ ಶುರು ಮಾಡಿದ್ರು. ಅವತ್ತೇ ಚೀಟಿಯಲ್ಲಿ ವೆನೆಟೋಕ್ಲಾಕ್ಸ್ 400 ಮಿಲಿಗ್ರಾಂ ಜಾಗದಲ್ಲಿ 100. ನಾನು ವಾರ್ಡಿನಲ್ಲೇ ಕೂಗಾಡಿದೆ. "ದುಡ್ಡು ಕಟ್ಟೋದು ತಡ ಆಯ್ತು ಅಂತ ಕಾಲು ಭಾಗಕ್ಕೆ ಇಳಿಸಿದ್ದೀರಾ?" ಪಾಪ, ಆ ಹುಡುಗಿ ಡಾಕ್ಟರ್, ಬಹುಶಃ ರಾತ್ರಿ ನಿದ್ದೆ ಮಾಡಿರಲಿಲ್ಲ, ಚೀಟಿಯ ಹಿಂದೆ ಪೆನ್ನಲ್ಲಿ ಒಂದು ಬಚ್ಚಲು ಬರೆದು ತೋರಿಸಿದಳು. "ಆಂಟಿ, ಮಾತ್ರೆಯನ್ನ ಲಿವರ್ ಕರಗಿಸಿ ಹೊರಗೆ ಕಳಿಸುತ್ತೆ. ಫಂಗಸ್ ಔಷಧಿ ಆ ಬಚ್ಚಲ ತೂತು ಮುಚ್ಚುತ್ತೆ. ಈಗ ನೂರು ಕೊಟ್ಟರೂ ಒಳಗೆ ನಿಲ್ಲೋದು ನಾನೂರು ಕೊಟ್ಟಷ್ಟೇ. ನಾನೂರೇ ಕೊಟ್ರೆ ಉಕ್ಕಿ ಹರಿಯುತ್ತೆ." ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ನಲ್ಲಿ-ತೊಟ್ಟಿ ಲೆಕ್ಕ ಬಿಡಿಸಿದವಳು ನಾನು. ತಲೆ ತಗ್ಗಿಸಿದೆ. ಕ್ಷಮೆ ಕೇಳಿದ್ದು ಮಾತ್ರ ಮಾರನೇ ದಿನ, ಅದೂ ಒಂದು ಫ್ಲಾಸ್ಕ್ ಕಾಫಿಯ ಮರೆಯಲ್ಲಿ.

ಚಕ್ಕೋತ ಕಿತ್ಕೊಂಡಿದ್ದೂ ಅದಕ್ಕೇ. ಗ್ರೇಪ್‌ಫ್ರೂಟ್ ತಿನ್ನಬಾರದು ಅಂತ ವೆನೆಟೋಕ್ಲಾಕ್ಸ್ ಜೊತೆ ಬರೋ ಕಾಗದದಲ್ಲಿ ಅಚ್ಚಾಗಿದೆ. ಆ ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ, ಬಚ್ಚಲು ಮುಚ್ಚೋ ಗುಣ ತಾಯಿಯಲ್ಲೂ ಇದೆ. ಒಂದು ತೂತು ಆಗಲೇ ಮುಚ್ಚಿರೋ ಮನೆಗೆ ಮಾವ ಪ್ರೀತಿಯಿಂದ ಇನ್ನೊಂದು ಬಿರಡೆ ತಂದಿದ್ರು. ಎರಡೆರಡು ಔಷಧಿ ಯಾಕೆ ಅಂತ ಕೇಳ್ತಾ ಕೇಳ್ತಾ ಮೂರನೇದನ್ನ ತಾವೇ ಸುಲೀತಿದ್ರು!

ನಾನು ಕಿರುಚಿದ್ದಕ್ಕೆ ಮುಖ ಸಣ್ಣ ಮಾಡ್ಕೊಂಡು ಪಡಸಾಲೆಯಲ್ಲಿ ಪೇಪರ್ ಹಿಡಿದು ಕೂತ್ರು. ಪೇಪರ್ ತಲೆಕೆಳಗಾಗಿತ್ತೋ ಏನೋ, ಒಂದು ಪುಟವನ್ನೂ ತಿರುವಲಿಲ್ಲ. ಅಕ್ಕ ಮಾತ್ರ ನಗ್ತಿದ್ದಳು, ಬಹಳ ದಿನದ ಮೇಲೆ. "ಒಂದು ತೊಳೆಯಾದ್ರೂ ನೋಡೋಕೆ ಇಡೇ" ಅಂದಳು. ಇಡಲಿಲ್ಲ.

ಮುಂದಿನ ವಾರ ಬೋನ್ ಮ್ಯಾರೋ ಪರೀಕ್ಷೆ. ಅಲ್ಲಿವರೆಗೆ ಅಕ್ಕನ ಮನೆಗೆ ಬರೋರು ಬನ್ನಿ, ಮಾಸ್ಕ್ ಹಾಕ್ಕೊಂಡು ಬನ್ನಿ, ಸೊಸೆಯಂದಿರ ಚಾಡಿ ಹೇಳಿ, ಅವಳಿಗದು ಇಷ್ಟ. ಔಷಧಿ ಯಾಕೆ ಎರಡು ಅಂತ ಕೇಳೋ ಹಂಗಿದ್ರೆ ಹೊರಗೆ ನನ್ನನ್ನ ಕೇಳಿ.

ಮಂಗಳವಾರಕ್ಕೆ ಬಿ ಪಾಸಿಟಿವ್ ಎಸ್‌ಡಿಪಿ, ಅಂದ್ರೆ ಒಬ್ಬರೇ ದಾನಿಯಿಂದ ತೆಗೆಯೋ ಪ್ಲೇಟ್‌ಲೆಟ್ ಬೇಕಾಗಬಹುದು. ಕೊಡೋಕೆ ಆಗೋರು ಇನ್‌ಬಾಕ್ಸ್‌ಗೆ ಬನ್ನಿ. ಮೂರು ದಿನದಿಂದೀಚೆಗೆ ಆಸ್ಪಿರಿನ್ ನುಂಗಿದ್ರೆ ಆಗಲ್ಲ, ಮೊದಲೇ ಹೇಳಿಬಿಡಿ. ಎರಡನೇ ಚಕ್ಕೋತ ನಮ್ಮ ಫ್ರಿಜ್ಜಲ್ಲಿದೆ, ಬಂದೋರಿಗೆ ಅದೇ.