ಅಪಾರ ಬಂಧುಬಳಗದ ಮೇಷ್ಟ್ರು

ನ್ಯೂಜೆರ್ಸಿಗೆ ಬಂದ ಮೇಲೆ ನನಗೊಂದು ಚಾಳಿ ಅಂಟಿಕೊಂಡಿದೆ. ಇಲ್ಲಿನ ಪತ್ರಿಕೆಗಳಲ್ಲಿ ಬರುವ ನಿಧನ ವಾರ್ತೆಗಳನ್ನು ಓದುತ್ತೇನೆ. ತೀರಿಕೊಂಡವರು ಸಿವಿಲ್ ಇಂಜಿನಿಯರಿಂಗ್ ಪ್ರಾಧ್ಯಾಪಕರಾದರೆ ಬಿಡುವುದೇ ಇಲ್ಲ. ಅವರ ಸಂಶೋಧನೆ ಎರಡು ಸಾಲಿನಲ್ಲಿ ಮುಗಿದಿರುತ್ತದೆ. ಮಗಳ ಫುಟ್‌ಬಾಲ್ ತಂಡಕ್ಕೆ ತರಬೇತಿ ಕೊಟ್ಟದ್ದು, ಚರ್ಚಿನ ಚಾವಣಿ ದುರಸ್ತಿಗೆ ನಿಂತದ್ದು, ಮೊಮ್ಮಕ್ಕಳ ಹೆಸರುಗಳು ಮಾತ್ರ ವಿಸ್ತಾರವಾಗಿ ಬರುತ್ತವೆ. ಹೂವು ತರುವ ಬದಲು ಊರಿನ ಗ್ರಂಥಾಲಯಕ್ಕೆ ದೇಣಿಗೆ ಕೊಡಿ ಎಂಬ ಕೋರಿಕೆ ಕೊನೆಗೆ. ನಮ್ಮಲ್ಲಾದರೆ ಹುದ್ದೆ, ಪ್ರಶಸ್ತಿ, ‘ಅಪಾರ ಬಂಧುಬಳಗವನ್ನು ಅಗಲಿದ್ದಾರೆ’ ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ.

ಆ ಬಂಧುಬಳಗಕ್ಕಾಗಿ ಮೇಷ್ಟ್ರು ಸವೆದದ್ದು ಎಲ್ಲೂ ಅಚ್ಚಾಗುವುದಿಲ್ಲ. ನನ್ನ ದೊಡ್ಡಪ್ಪ ಸಿವಿಲ್ ಕಲಿಸುತ್ತಿದ್ದರು. ಭಾನುವಾರವೆಂದರೆ ಯಾರದೋ ಸೈಟು. ಷಡ್ಡಕನ ಮನೆಯ ಪಾಯ, ಸೋದರತ್ತೆಯ ಮಗನ ಮೋಲ್ಡು, ಎಲ್ಲಕ್ಕೂ ಅವರೇ ಆಗಬೇಕು, ಕಾಫಿಯೇ ಸಂಭಾವನೆ. ಒಮ್ಮೆ ಬಾಲ್ಕನಿಗೆ ಕಾಂಕ್ರೀಟ್ ಸುರಿಯುವ ಹೊತ್ತಿಗೆ ಹೋಗಿ, ಕಟ್ಟಿದ್ದ ಕಂಬಿಯನ್ನೆಲ್ಲ ಬಿಚ್ಚಿಸಿದರು. ಗೋಡೆಯಿಂದ ಹೊರಚಾಚಿದ ಚಪ್ಪಡಿಯಲ್ಲಿ ಎಳೆತ ಮೇಲ್ಭಾಗದಲ್ಲಿರುತ್ತದೆ, ಆದ್ದರಿಂದ ಮುಖ್ಯ ಕಂಬಿಯೂ ಮೇಲೆಯೇ ಇರಬೇಕು. ಮೇಸ್ತ್ರಿ ಒಳಕೋಣೆಯ ಚಾವಣಿಯಂತೆ ಕೆಳಗೆ ಹಾಸಿದ್ದ. ಮನೆಯವರಿಗೆ ಮುಹೂರ್ತ ತಪ್ಪಿತೆಂಬ ಬೇಸರ. ದೊಡ್ಡಮ್ಮನ ದೂರು ಬೇರೆಯದು: ಸ್ವಂತ ಮಕ್ಕಳ ಶಾಲೆಯ ವಾರ್ಷಿಕೋತ್ಸವಕ್ಕೆ ಇವರು ಒಮ್ಮೆಯೂ ಬಂದವರಲ್ಲ. ಇಲ್ಲಿನ ಪ್ರಾಧ್ಯಾಪಕನ ಸಂಸಾರ ಚಿಕ್ಕದು, ಅದಕ್ಕೆ ಅವನ ಶನಿವಾರ ಮೀಸಲು. ನಮ್ಮ ಮೇಷ್ಟ್ರ ಸಂಸಾರಕ್ಕೆ ಗಡಿಯೇ ಇರಲಿಲ್ಲ, ಹೆಂಡತಿ ಮಕ್ಕಳು ಅದರ ಕೊನೆಯ ಸಾಲಿನಲ್ಲಿದ್ದರು. ಈ ವಿಷಯದಲ್ಲಿ ನಾನು ದೊಡ್ಡಮ್ಮನ ಪಕ್ಷ.

ಅಮೆರಿಕದಲ್ಲಿ ಹೀಗೆ ನೆಂಟರ ನಕ್ಷೆ ತಿದ್ದಿಕೊಡುವುದು ಸುಲಭವಲ್ಲ. ನಕ್ಷೆಗೆ ಮುದ್ರೆ ಒತ್ತಲು ರಾಜ್ಯದ ಪರವಾನಗಿ ಬೇಕು, ಕಾಲೇಜಿನಲ್ಲಿ ಪಾಠ ಮಾಡಿದ ಮಾತ್ರಕ್ಕೆ ಅದು ಸಿಗದು. ತಪ್ಪಾದರೆ ನ್ಯಾಯಾಲಯ ಕಾದಿರುತ್ತದೆ. ಹಾಗಾಗಿ ಇಲ್ಲಿನವರ ಸೇವೆ ಸಂಸ್ಥೆಗಳ ಮೂಲಕ ಹರಿಯುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಸಿವಿಲ್ ಇಂಜಿನಿಯರಿಂಗ್ ಕಲಿಸಿದ ಮಾರಿಯೊ ಸಾಲ್ವಡೋರಿ 1907ರಲ್ಲಿ ರೋಮಿನಲ್ಲಿ ಹುಟ್ಟಿದವರು, 1939ರಲ್ಲಿ ಅಮೆರಿಕಕ್ಕೆ ಬಂದವರು. 1975ರಲ್ಲಿ, ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ, ನ್ಯೂಯಾರ್ಕಿನ ಹಾರ್ಲೆಮ್‌ನ ಸರ್ಕಾರಿ ಶಾಲೆಯ ಮಕ್ಕಳಿಗೆ ಕಟ್ಟಡ, ಸೇತುವೆಗಳು ಹೇಗೆ ನಿಲ್ಲುತ್ತವೆ ಎಂದು ಹೇಳಿಕೊಡತೊಡಗಿದರು. 1987ರಲ್ಲಿ ಅದು ಒಂದು ಕೇಂದ್ರವಾಯಿತು. ಅವರು 1997ರಲ್ಲಿ ತೀರಿಕೊಂಡ ಮೇಲೂ ಪಾಠ ನಿಲ್ಲಲಿಲ್ಲ. ದೊಡ್ಡಪ್ಪನ ಭಾನುವಾರಗಳು ದೊಡ್ಡಪ್ಪನೊಂದಿಗೇ ಮುಗಿದವು.

ನಮ್ಮಲ್ಲಿ ಇಂಥದ್ದು ಆಗಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ, ವಿಜ್ಞಾನ ತಂತ್ರಜ್ಞಾನವನ್ನು ಹಳ್ಳಿಗಳಿಗೆ ಒಯ್ಯುವ ‘ಅಸ್ತ್ರ’ ಹುಟ್ಟಿತು, ಕುಣಿಗಲ್ ಬಳಿಯ ಉಂಗ್ರಾದಲ್ಲಿ ಅದರ ಕೇಂದ್ರ ತೆರೆಯಿತು. ಅಲ್ಲಿ ಸಿವಿಲ್ ಪ್ರಾಧ್ಯಾಪಕ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆ ಮಾಡುವ ಇಟ್ಟಿಗೆಗಾಗಿ ವರ್ಷಗಟ್ಟಲೆ ದುಡಿದರು. ಈಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ವಿದ್ಯಾರ್ಥಿಗಳ ಸಮಾಜಸೇವೆಗೆ ನೂರು ಅಂಕ ಕಡ್ಡಾಯ. ಗಿಡ ನೆಟ್ಟ ಫೋಟೊಗಳಿಗೆ ಆಗಿನಿಂದ ಬರವಿಲ್ಲ.

ಸರ್ಕಾರದ ಸಹಾಯಧನದ ಬಸವ ವಸತಿ ಯೋಜನೆಯಲ್ಲಿ ಮನೆ ಕಟ್ಟಿಕೊಳ್ಳುವವರು ಯಾವ ಪ್ರೊಫೆಸರರಿಗೂ ನೆಂಟರಲ್ಲ. ಪಾಯ, ಲಿಂಟಲ್, ಚಾವಣಿ ಎಂದು ಹಂತಹಂತವಾಗಿ ಫೋಟೊ ಏರಿಸಿದರೆ ಕಂತು ಬಿಡುಗಡೆಯಾಗುತ್ತದೆ. ಕಿಟಕಿಯ ಮೇಲೆ ಹೊರಚಾಚಿದ ಸಜ್ಜದ ಕಂಬಿ ಮೇಲಿದೆಯೋ ಕೆಳಗಿದೆಯೋ ಆ ಫೋಟೊದಲ್ಲಿ ಕಾಣುವುದಿಲ್ಲ. ಪ್ರತಿ ಜಿಲ್ಲೆಯ ಇಂಜಿನಿಯರಿಂಗ್ ಕಾಲೇಜೂ ಶನಿವಾರ ಬೆಳಿಗ್ಗೆ ಒಂದು ಕೋಣೆಯ ಬಾಗಿಲು ತೆರೆದಿಡಲಿ. ಒಬ್ಬ ನಿವೃತ್ತ ಮೇಷ್ಟ್ರು, ನಾಲ್ಕು ಹುಡುಗರು, ಸೈಟಿಗೆ ಹೋಗಿಬರಲು ಬಸ್ ಚಾರ್ಜು. ಆ ನೂರು ಅಂಕಗಳನ್ನು ಹುಡುಗರಿಗೆ ಕೊಡಬೇಕಾದದ್ದು ಇದಕ್ಕೆ. ಮೇಷ್ಟ್ರು ಭಾನುವಾರ ಮನೆಯಲ್ಲಿರಲಿ.