ಊರು ಬಿಡು ಅಂದವರು ಯಾರು?

ಕೆಲಸ ಇಲ್ದೆ ಊರೂರು ತಿರುಗೋರನ್ನ ಕಂಡ್ರೆ ‘ಒಂದ್ಕಡೆ ನೆಟ್ಟಗೆ ನಿಲ್ಲಲ್ಲ ಇವ್ರು’ ಅಂದ್ಬಿಡ್ತಾರಲ್ಲ, ಆಗೆಲ್ಲ ನಂಗೆ 1932ರ ಆಸ್ಟ್ರೇಲಿಯಾ ನೆನಪಾಗುತ್ತೆ.

ಮಹಾ ಆರ್ಥಿಕ ಕುಸಿತದ ಕಾಲ ಅದು. ಉಣ್ಣೆ, ಗೋಧಿ ರೇಟು ನೆಲ ಕಚ್ಚಿತ್ತು, ಲಂಡನ್ನಿಂದ ಸಾಲ ಹುಟ್ಟೋದು ನಿಂತಿತ್ತು, ದುಡಿಯೋರಲ್ಲಿ ಹತ್ತಿರಹತ್ತಿರ ಮೂರಕ್ಕೊಬ್ಬರಿಗೆ ಕೆಲಸ ಇಲ್ಲ. ಊರೂರು ಅಲೆಯೋ ಒಂಟಿ ಗಂಡಸ್ರಿಗೆ ಸರ್ಕಾರ ರೇಷನ್ ಕೊಡ್ತಿತ್ತು, ಆದ್ರೆ ಷರತ್ತು ನೋಡಿ, ಈ ವಾರ ಇಲ್ಲಿ ತಗೊಂಡ್ರೆ ಮುಂದಿನ ವಾರದ್ದಕ್ಕೆ ಮೈಲಿಗಟ್ಲೆ ಆಚೆಗಿನ ಇನ್ನೊಂದು ಊರಿಗೆ ಹೋಗ್ಬೇಕು, ಕೆಲಸ ಹುಡುಕ್ತಿದಾನೆ ಅನ್ನೋಕೆ ಅದೇ ಸಾಕ್ಷಿ! ಕಂಬಳಿ ಸುತ್ತಿ ಹೆಗಲಿಗೆ ಹಾಕ್ಕೊಂಡು ನಡ್ಕೊಂಡೋ, ಕದ್ದು ಗೂಡ್ಸ್ ರೈಲು ಹತ್ತಿಯೋ ಹೋಗೋರು. ಚಳಿಗಾಲದಲ್ಲಿ ಬೆಚ್ಚಗಿರೋ ಉತ್ತರದ ಕಡೆ ಬಹಳ ಜನ ಬರೋರು. ಕ್ವೀನ್ಸ್‌ಲ್ಯಾಂಡಿನ ಕೇರ್ನ್ಸ್ ಅಂತ ಕಬ್ಬಿನ ಸೀಮೆ ಬಂದರು ಊರು, ಅಲ್ಲಿನ ಪ್ಯಾರಮಟ್ಟಾ ಪಾರ್ಕಲ್ಲಿ ಇವ್ರ ಕ್ಯಾಂಪು.

ಅದೇ ಜಾಗದಲ್ಲಿ ವರ್ಷಕ್ಕೊಂದ್ಸಲ ಊರಿನ ಶೋ ನಡೀಬೇಕು, ನಮ್ಮ ದನದ ಜಾತ್ರೆ ಇದ್ದಂಗೆ ಅನ್ಕೊಳ್ಳಿ. ಖಾಲಿ ಮಾಡಿ ಅಂದ್ರು. ಎಲ್ಲಿಗೆ ಹೋಗೋದು, ಇವ್ರು ಜಗ್ಗಲಿಲ್ಲ. ಜುಲೈ 17, ಭಾನುವಾರ, ಪೊಲೀಸರ ಜೊತೆ ಊರಿನ ಜನಾನೂ ದೊಣ್ಣೆ ಹಿಡ್ಕೊಂಡು ನುಗ್ಗಿದ್ರು. ಕ್ಯಾಂಪಿನವ್ರೂ ತಿರುಗಿಬಿದ್ರು. ಹತ್ತಾರು ಜನ ಆಸ್ಪತ್ರೆ ಸೇರಿದ್ರು.

ಊರವ್ರ ಭಯ ಸುಳ್ಳು ಅಂತ ನಾನು ಹೇಳಲ್ಲ. ಅವ್ರ ಮನೇಲೂ ತುಂಬಿದ ಪಾತ್ರೆ ಇರ್ಲಿಲ್ಲ, ಇದ್ದ ನಾಲ್ಕು ದಿನದ ಕೂಲಿಗೂ ಹೊರಗಿನವ್ರು ಪೈಪೋಟಿಗೆ ಬಂದ್ರು ಅನ್ಸಿರುತ್ತೆ. ಆದ್ರೆ ಆ ಸಿಟ್ಟು ರೇಷನ್ ರೂಲ್ಸ್ ಬರೆದ ಆಫೀಸಿನ ಕಡೆ ಒಂದು ಹೆಜ್ಜೆನೂ ಹೋಗ್ಲಿಲ್ಲ, ಪಾರ್ಕಲ್ಲಿ ಮಲಗಿದ್ದ ಹಸಿದವನ ಬೆನ್ನ ಮೇಲೆ ಬಿತ್ತು. ಇದು ನಂಗೆ ತಡ್ಕೊಳ್ಳೋಕಾಗಲ್ಲ.

2020ರ ಮಾರ್ಚಲ್ಲಿ ನಮ್ಮೂರ ದಾರಿಗೂ ಜಾಲಿಮುಳ್ಳು ಎಳೆದಿದ್ವಿ. ರೋಗದ ಭಯ ಬೇರೆ ಮಾತು, ಒಪ್ತೀನಿ. ಆದ್ರೂ ಬೆಂಗಳೂರಲ್ಲಿ ಗಾರೆ ಕೆಲಸ ನಿಂತು ನಡ್ಕೊಂಡೇ ಬಂದ ನಮ್ಮೂರ ಹುಡುಗ ಆಚೆ ನಿಂತು ‘ಅಣ್ಣಾ, ನೀರಾದ್ರೂ ಕೊಡ್ರಣ್ಣ’ ಅಂದಾಗ ನಾನು ಮುಳ್ಳಿನ ಈಚೆ ಇದ್ದೆ. ಬಾಟ್ಲಿ ಎಸೆದ್ವಿ, ಕೈಗೆ ಕೊಡ್ಲಿಲ್ಲ. ಈಗ್ಲೂ ಅವನು ಎದುರಿಗೆ ಸಿಕ್ರೆ ನಂಗೆ ಮುಖ ಎತ್ತಿ ಮಾತಾಡೋಕಾಗಲ್ಲ.